ಹುಳದ ಮನೆಯ ಕಂಕಣ

ದೇವರಾಯಸಮುದ್ರದ ದೊಡ್ಡನಾರಾಯಣಪ್ಪನವರ ಮನೆಗೆ ಆ ಪುಷ್ಯಮಾಸದಲ್ಲಿ ಒಂದೇ ದಿನ ಎರಡು ಬಂದವು: ಬೆಳಗ್ಗೆ ಟೆಂಪೋದಲ್ಲಿ ರೇಷ್ಮೆಯ ಚಾಕಿ ಹುಳ, ಮಧ್ಯಾಹ್ನ ಅಂಚೆಯಲ್ಲಿ ರಾಜ್ಯ ಮಹಿಳಾ ಆಯೋಗದ ಕಾಗದ. ಹುಳಕ್ಕಾಗಿ ಮನೆಯವರೆಲ್ಲರೂ ಕಾದಿದ್ದರು. ಕಾಗದಕ್ಕಾಗಿ ಕಾದಿದ್ದವಳು ಸೊಸೆ ಮುನಿಲಕ್ಷ್ಮಿ ಒಬ್ಬಳೇ. ಅವಳು ಆ ಹೊತ್ತಿನಲ್ಲಿ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು.

ಎಳೆಯ ಹುಳ ಮನೆಗೆ ಬಂದಾಗ ಆ ಮನೆಯಲ್ಲಿ ಒಂದು ವಿಧಿಯುಂಟು. ಹಿರಿಯ ಹೆಣ್ಣು ಮಿಂದು ಮಡಿಯುಟ್ಟು, ಹುಳದ ಮನೆಯ ಹೊಸಿಲಿಗೆ ಅರಿಸಿನ ಕುಂಕುಮವಿಟ್ಟು, ಎಡಗೈಗೆ ಅರಿಸಿನದ ದಾರದ ಕಂಕಣ ಕಟ್ಟಿಕೊಳ್ಳಬೇಕು. ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವವರೆಗೆ ಕಂಕಣ ತೊಟ್ಟವಳು ಊರ ಗಡಿ ದಾಟುವಂತಿಲ್ಲ. ಉಳಿದ ಮನೆಗಳಲ್ಲಿ ಈ ಕಟ್ಟು ಎಂದೋ ಸಡಿಲಿತ್ತು. ದೊಡ್ಡನಾರಾಯಣಪ್ಪನವರ ಹೆಂಡತಿ ಚಿಕ್ಕವೆಂಕಟಮ್ಮ ಮಾತ್ರ ಅತ್ತೆಯಿಂದ ಪಡೆದದ್ದನ್ನು ಮೂವತ್ತು ವರ್ಷ ಕೂದಲೆಳೆಯಷ್ಟೂ ತಪ್ಪಿಸಿರಲಿಲ್ಲ. ಶ್ರೀನಿವಾಸಪುರದಲ್ಲಿ ಹೆತ್ತ ತಾಯಿ ಹಾಸಿಗೆ ಹಿಡಿದು ಮಗಳ ಹೆಸರು ಕನವರಿಸುತ್ತಿದ್ದಾಳೆಂದು ಸುದ್ದಿ ಬಂದಾಗಲೂ ಹುಳ ಕೊನೆಯ ಜ್ವರದಲ್ಲಿತ್ತು. ಮೇವು ಬಿಟ್ಟು ಪೊರೆ ಕಳಚುವುದನ್ನೇ ರೇಷ್ಮೆಯವರು ಜ್ವರವೆನ್ನುವುದು. ಆಕೆ ಗಡಿ ದಾಟಲಿಲ್ಲ. ಗೂಡು ಕಟ್ಟಿದ ಮೇಲೆ ಹೋದಾಗ ತಾಯಿಯ ಚಿತೆ ಆರಿತ್ತು. ಆ ವರ್ಷದ ಬೆಳೆಯನ್ನು ಊರವರು ಈಗಲೂ ಹೊಗಳುತ್ತಾರೆ.

ಅಂಚೆಯ ಆಂಜಿನಪ್ಪ ಬೈಕು ನಿಲ್ಲಿಸಿ ಕೂಗಿದ.

"ದೊಡ್ಡನಾರಾಯಣಪ್ಪಣ್ಣ, ನಿಮ್ ಸೊಸೆ ಹೆಸರಿಗೆ ರಿಜಿಸ್ಟರ್ ಬಂದೈತೆ. ಮಹಿಳಾ ಆಯೋಗ ಅಂತೆ. ಏನಣ್ಣಾ, ಮನೇಲಿ ಎಲ್ಲಾ ಸರಿಯಾಗೈತಾ?"

"ಸರಿಯಾಗಿಲ್ದೆ ಏನಾಗೈತೆ? ಎಲ್ಲಿ ಸೈನ್ ಹಾಕ್ಬೇಕು, ಅದನ್ನ ತೋರ್ಸು."

ಆಂಜಿನಪ್ಪ ಹೋದ ಮೇಲೆ ದೊಡ್ಡನಾರಾಯಣಪ್ಪನವರು ಲಕೋಟೆ ಹರಿದು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮೊದಲ ಹಾಳೆಯನ್ನು ಅಕ್ಷರಕ್ಕೊಂದು ಉಸಿರಿನಂತೆ ಓದಿದರು. ಅರ್ಜಿದಾರರು: ಮುನಿಲಕ್ಷ್ಮಿ. ಕೆಳಗೆ: ಚಿಕ್ಕವೆಂಕಟಮ್ಮ, ಅರ್ಜಿದಾರರ ಅತ್ತೆ, ಖುದ್ದು ಹಾಜರಾಗತಕ್ಕದ್ದು. ಅಷ್ಟು ಸಾಕಾಯಿತು. ಮಹಿಳಾ ಆಯೋಗವೆಂದರೆ ಸೊಸೆಯರು ದೂರು ಕೊಡುವ, ಅತ್ತೆಯರು ತಲೆ ತಗ್ಗಿಸಿ ನಿಲ್ಲುವ ಕಟ್ಟೆಯೆಂದೇ ಆ ಊರಿನ ತಿಳಿವಳಿಕೆ.

"ನೋಡೇ, ನಿನ್ ಮುದ್ದಿನ ಸೊಸೆ ನಿನ್ ಮೇಲೇ ಬೆಂಗಳೂರಿಗೆ ದೂರು ಕೊಟ್ಟವ್ಳೆ."

ಚಿಕ್ಕವೆಂಕಟಮ್ಮ ಹುಳದ ಮೇಲೆ ಉದುರಿಸುತ್ತಿದ್ದ ಸೊಪ್ಪನ್ನು ಹಾಗೆಯೇ ಹಿಡಿದು ನಿಂತಳು. ಸಾರಿಗೆ ಉಪ್ಪು ಹೆಚ್ಚಾದಾಗ ಅಂದದ್ದು ಒಂದು ಮಾತು. ತವರಿನಲ್ಲಿ ಮೂರು ದಿನ ಹೆಚ್ಚಿಗೆ ಉಳಿದು ಬಂದಾಗ ಅಂದದ್ದು ಇನ್ನೊಂದು. ಇವಕ್ಕೆಲ್ಲ ಸರ್ಕಾರ ಕರೆಸುತ್ತದೆಯೇ?

ಮುನಿಲಕ್ಷ್ಮಿ ಸೊಪ್ಪಿನ ಹೊರೆ ಹೊತ್ತು ಬಾಗಿಲಿಗೆ ಬಂದಳು. ಎಂದಿನಂತೆ ಹೊರೆ ಇಳಿಸಲು ಅತ್ತೆ ಕೈಕೊಡಲಿಲ್ಲ.

"ಯಾಕತ್ತೆ?"

"ಯಾಕಂತೆ ಯಾಕೆ! ನಾನು ನಿನಗೆ ಅನ್ನ ಕಡಿಮೆ ಹಾಕಿದ್ನೇನೇ? ಬಟ್ಟೆ ಕಡಿಮೆ ಕೊಟ್ನೇನೇ? ಊರೆಲ್ಲಾ ಓದೋ ಹಂಗೆ ನನ್ನ ಹೆಸರು ಬರೆಸಿದೀಯಲ್ಲ, ಅಮ್ಮಾ ತಾಯಿ!"

ಸೊಸೆ ಹೊರೆಯನ್ನು ತಾನೇ ಧೊಪ್ಪನೆ ಕೆಡವಿ, ಕಾಗದ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಇದು ಬಸ್ಸಿನ ವಿಷಯ ಅತ್ತೆ! ಎರಡನೇ ಹಾಳೆ ಓದಿ ಮಾವಾ."

"ನನ್ ಕಣ್ಣಿಗೆ ಒಂದನೇದೇ ಸಾಕಾಯ್ತು," ಎಂದರು ಮಾವ.

ಸಂಜೆಯ ಬಸ್ಸಿಗೆ ಮಗಳು ಮೇಘನ ಕೋಲಾರದ ಕಾಲೇಜಿನಿಂದ ಬರುವವರೆಗೆ ಯಾರೂ ಒಲೆ ಹೊತ್ತಿಸಲಿಲ್ಲ. ಮೇಘನ ಚೀಲವನ್ನೂ ಇಳಿಸದೆ ಎರಡನೆಯ ಹಾಳೆಯನ್ನು ಗಟ್ಟಿಯಾಗಿ ಓದಿದಳು. ನರಸಾಪುರದ ಕಾರ್ಖಾನೆಗೆ ಹೆಂಗಸರನ್ನು ಕರೆದೊಯ್ಯುವ ಕಂಪನಿ ಬಸ್ಸು ಮೊದಲು ಊರ ಅರಳಿಕಟ್ಟೆಯವರೆಗೆ ಬರುತ್ತಿತ್ತು. ಮೂರು ತಿಂಗಳಿಂದ ಹೆದ್ದಾರಿಯಲ್ಲೇ ನಿಲ್ಲುತ್ತಿದೆ. ಬೆಳಗಿನ ಪಾಳಿಯವರು ಐದು ಗಂಟೆಯ ಕತ್ತಲಲ್ಲಿ ಕೆರೆಯ ಏರಿಯ ಮೇಲೆ ಎರಡು ಕಿಲೋಮೀಟರ್ ನಡೆಯಬೇಕು. ಹಾಗೆ ನಡೆಯುವಾಗ ದೀಪ ಆರಿಸಿದ ಬೈಕಿನಲ್ಲಿ ಬಂದ ಇಬ್ಬರು ಪಕ್ಕದ ಮನೆಯ ರಮ್ಯಳ ಸೆರಗಿಗೆ ಕೈಹಾಕಿದರು. ಅವಳು ಏರಿಯಿಂದ ಉರುಳಿ ತೋಳು ಮುರಿದುಕೊಂಡಳು. ಬಸ್ಸು ಊರಿಗೆ ಬರಲಿ ಎಂದು ಕೇಳಿದ ನಾಲ್ವರಿಗೆ ಗುತ್ತಿಗೆದಾರ ನಾಳೆಯಿಂದ ಬರಬೇಡಿ ಎಂದ. ಆ ನಾಲ್ವರಲ್ಲಿ ಮುನಿಲಕ್ಷ್ಮಿ ಒಬ್ಬಳು. ಕೊನೆಯ ಸಾಲು ಹೀಗಿತ್ತು: ಘಟನೆಯನ್ನು ಪ್ರತ್ಯಕ್ಷ ಕಂಡವರು, ಚಿಕ್ಕವೆಂಕಟಮ್ಮ, ಅತ್ತೆ.

"ಅಂದ್ರೆ ನಾನು ಕಳ್ಳಿ ಅಲ್ಲ, ಸಾಕ್ಷಿ?" ಎಂದಳು ಚಿಕ್ಕವೆಂಕಟಮ್ಮ.

"ಸಾಕ್ಷೀನೇ ಕಣಮ್ಮ! ಅಪ್ಪ ಅರ್ಧ ಓದಿ ನಿನ್ನನ್ನ ಜೈಲಿಗೆ ಹಾಕಿಬಿಟ್ಟಿದ್ರು."

ಚಿಕ್ಕವೆಂಕಟಮ್ಮನಿಗೆ ನಗು ಬಂತು. ನಕ್ಕ ಮೇಲೆ ಸಿಟ್ಟೂ ಬಂತು. "ಹೆಸರು ಬರೆಸೋಕೆ ಮುಂಚೆ ಒಂದು ಮಾತು ಕೇಳ್ಬಾರ್ದಾಗಿತ್ತೇನೇ, ಲಕ್ಷ್ಮೀ?"

"ಕೇಳಿದ್ರೆ ಮಾವನಿಗೆ ತಿಳೀತಿತ್ತು. ಅರ್ಜಿ ಮನೆ ಬಾಗಿಲೇ ದಾಟ್ತಿರ್ಲಿಲ್ಲ."

ಅದು ದಿಟವಾಗಿತ್ತು. ದಿನವೂ ನಸುಕಿನಲ್ಲಿ ಸೊಸೆಯನ್ನು ಏರಿ ದಾಟಿಸಿ ಬಂದು ಹಾಲು ಕರೆಯುತ್ತಿದ್ದವಳು ಚಿಕ್ಕವೆಂಕಟಮ್ಮ. ಆ ದಿನ ಸೊಸೆಯನ್ನು ಬಿಟ್ಟು ಒಬ್ಬಳೇ ಮರಳುವಾಗ ಕೈಯ ಬ್ಯಾಟರಿಯ ಬೆಳಕನ್ನು ಬೈಕಿನವರ ಮುಖಕ್ಕೆ ಬೀರಿದವಳೂ ಅವಳೇ, ರಮ್ಯಳನ್ನು ಕಲ್ಲುಗಳ ನಡುವಿನಿಂದ ಎತ್ತಿದವಳೂ ಅವಳೇ.

"ಕಂಡಿದ್ದು ಕಂಡಂಗೆ ಹೇಳ್ತೀನಿ ಬಿಡು. ದಿನ ಯಾವಾಗಂತೆ?"

"ಇವತ್ತಿಗೆ ಇಪ್ಪತ್ತನೇ ದಿನ. ಕೋಲಾರದಲ್ಲಿ."

ಚಿಕ್ಕವೆಂಕಟಮ್ಮ ಬೆರಳು ಮಡಿಸಿದಳು. ಹುಳ ಹದಿನೇಳನೆಯ ದಿನಕ್ಕೆ ಹಣ್ಣಾಗುತ್ತದೆ. ಕಂಕಣ ಬಿಚ್ಚಿ ಎರಡು ದಿನ ಸುಧಾರಿಸಿಕೊಂಡರೂ ಸಮಯಕ್ಕೆ ಕೊರತೆಯಿಲ್ಲ.

ಸಮಯಕ್ಕೆ ಇಲ್ಲದ ಕೊರತೆ ಮನೆಯ ಸಮಾಧಾನಕ್ಕೆ ಬಂತು. ಮರುದಿನದಿಂದ ದೊಡ್ಡನಾರಾಯಣಪ್ಪನವರು ಸೊಸೆ ಬಡಿಸಿದರೆ ಉಣ್ಣುವುದನ್ನು ಬಿಟ್ಟರು. ತಟ್ಟೆಯನ್ನು ತಾವೇ ಇಟ್ಟುಕೊಂಡು, ಮುದ್ದೆಯನ್ನು ತಾವೇ ತೆಗೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಳಿತರು. ಮಗ ಮುನಿಕೃಷ್ಣ ಟೊಮೆಟೊ ಕ್ರೇಟುಗಳನ್ನು ಕೋಲಾರದ ಮಂಡಿಗೆ ಹಾಕಿ ಬಂದು ಅಪ್ಪನ ಬೆನ್ನನ್ನೂ ಹೆಂಡತಿಯ ಮುಖವನ್ನೂ ನೋಡಿ ಸುಮ್ಮನಾಗುತ್ತಿದ್ದ.

"ಏನ್ಲಾ, ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ? ಕಟ್ಕೊಂಡೋಳ ಪರವಾಗಿ ಒಂದು ಮಾತಾಡು," ಎಂದು ತಾಯಿ ತಿವಿದರೆ,

"ನಾನೇನ್ ಹೇಳ್ಲಮ್ಮ? ಅಪ್ಪನ ಕಡೆ ಮಾತಾಡಿದ್ರೆ ಇವಳು ಮುನಿಸ್ಕೋತಾಳೆ, ಇವಳ ಕಡೆ ಮಾತಾಡಿದ್ರೆ ಅಪ್ಪ ಟ್ರ್ಯಾಕ್ಟರ್ ಕೀಲಿಕೈ ಬಚ್ಚಿಡ್ತಾರೆ," ಎಂದ.

ಎರಡನೆಯ ವಾರ ಸುರೇಶ್ ಬಂದ. ದೊಡ್ಡನಾರಾಯಣಪ್ಪನವರ ತಂಗಿಯ ಮಗ. ಗುತ್ತಿಗೆದಾರನಿಗೆ ಹಳ್ಳಿಗಳಿಂದ ಹೆಂಗಸರನ್ನು ಹೊಂದಿಸಿ ಕೊಡುವವನು. ಮುನಿಲಕ್ಷ್ಮಿಯನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಅತ್ತೆ ಸೊಸೆಯರು ಆಗ ಪಡಸಾಲೆಯಲ್ಲಿ ಕುಳಿತು, ನೆನೆಸಿದ ಅವರೆಕಾಳನ್ನು ಹಿದುಕಿ ಬೇಳೆ ಬೇರೆ ಮಾಡುತ್ತಿದ್ದರು.

"ಅತ್ತೇ, ಹಿದುಕಿದ ಬೇಳೆ ಸಾರಿನ ಟೈಮಿಗೆ ಸರಿಯಾಗಿ ಬಂದೆ ನೋಡಿ."

"ಕೂತ್ಕೊಂಡು ನೀನೂ ಹಿದುಕು. ಹಿದುಕಿದೋರಿಗೆ ಸಾರು."

ಸುರೇಶ್ ಕೂರಲಿಲ್ಲ, ಮಾವನ ಕಡೆ ತಿರುಗಿದ. "ಮಾವಾ, ಅರ್ಜಿ ವಾಪಸ್ ತಗೊಂಡ್ರೆ ಮುನಿಲಕ್ಷ್ಮಕ್ಕನ್ನ ಒಬ್ಬಳನ್ನ ನಾಳೇನೇ ಸೇರಿಸ್ಕೋತಾರೆ. ನಾನು ಮಾತಾಡಿದೀನಿ. ಇಲ್ದೆ ಅತ್ತೆ ಹೋಗಿ ಅಲ್ಲಿ ನಿಂತ್ರೆ ನನ್ ಮುಖ ಎಲ್ಲಿಡ್ಲಿ?"

"ಒಬ್ಬಳನ್ನೇ?" ಎಂದಳು ಮುನಿಲಕ್ಷ್ಮಿ.

"ನಿನಗೆ ಊರಿನ ಉಸಾಬರಿ ಯಾಕಕ್ಕಾ?"

"ರಮ್ಯ ಬಿದ್ದ ಜಾಗದಲ್ಲಿ ನಾನಿದ್ದಿದ್ರೆ ನೀನು ಹಿಂಗೇ ಅಂತಿದ್ದೇನೋ?"

ದೊಡ್ಡನಾರಾಯಣಪ್ಪನವರು ಗದರಿದರು. "ಸಾಕು ನಿಲ್ಸು! ಈ ಮನೆ ಹೆಂಗಸರು ಇವತ್ತಿನವರೆಗೂ ಯಾವ ಕಟಕಟೇನೂ ಹತ್ತಿಲ್ಲ. ನಮ್ ತಾತ ಈ ಊರಿಗೇ ನ್ಯಾಯ ಹೇಳಿದೋನು. ನನ್ ಹೆಂಡ್ತಿ ಹೋಗಿ ಬೇರೆಯವರ ಮುಂದೆ ಕೈಕಟ್ಟಿ ನಿಲ್ಬೇಕಾ?"

"ಕೈಕಟ್ಟಿ ಯಾಕ್ ನಿಲ್ತೀನಿ? ನಾನೇನು ತಪ್ಪು ಮಾಡಿದೀನಾ?" ಎಂದಳು ಚಿಕ್ಕವೆಂಕಟಮ್ಮ, ಕಾಳಿನಿಂದ ಕಣ್ಣೆತ್ತದೆ.

ಸುರೇಶನ ದೃಷ್ಟಿ ಅವಳ ಎಡಗೈಯ ಕಂಕಣದ ಮೇಲೆ ಬಿತ್ತು. ಅವನ ಮುಖ ಸಡಿಲಿತು. "ಹುಳ ಇದ್ದಾಗ ಅತ್ತೆ ಗಡಿ ದಾಟೋಲ್ಲ, ಅಲ್ವಾ ಮಾವ? ಈ ಚಳಿಗೆ ಹುಳ ಎಲ್ಲಿ ಬೇಗ ಹಣ್ಣಾಗ್ತವೆ!"

ಅವನ ಬಾಯ ಮಾತು ಫಲಿಸಿತು. ಆ ವಾರ ಕೆರೆಯ ಕಡೆಯಿಂದ ಬೀಸಿದ ಗಾಳಿಗೆ ಹುಳ ಮೇವಿನ ಮೇಲೆ ಮಂಕಾಗಿ ಮಲಗಿದವು. ಚಿಕ್ಕವೆಂಕಟಮ್ಮ ಗೋಣಿಪರದೆ ಇಳಿಬಿಟ್ಟಳು. ಕೆಂಡದ ಬಾಣಲೆಗಳನ್ನು ಮೂಲೆಮೂಲೆಗೆ ಇಟ್ಟಳು. ಕೊನೆಯ ಜ್ವರ ಎರಡು ದಿನ ತಡವಾಗಿ ಬಂದು, ಮತ್ತೂ ಒಂದು ದಿನ ಹೆಚ್ಚಿಗೆ ಹಿಡಿದು ಬಿಟ್ಟಿತು. ಹದಿನೇಳು ಕಳೆಯಿತು, ಹದಿನೆಂಟು ಕಳೆಯಿತು. ಹತ್ತೊಂಬತ್ತನೆಯ ಸಂಜೆ ಅವಳು ಒಂದು ಹುಳವನ್ನು ಬೆಳಕಿಗೆ ಹಿಡಿದು ನೋಡಿದಳು. ಮೈ ಜೇನಿನ ಬಣ್ಣಕ್ಕೆ ತಿರುಗಿ ಪಾರದರ್ಶಕವಾಗಿತ್ತು. ತಲೆಯೆತ್ತಿ ದಾರಕ್ಕೆ ಆಸರೆ ಹುಡುಕುತ್ತಿತ್ತು.

"ನಾಳೆ ಬೆಳಗಾಗೋದ್ರೊಳಗೆ ಎಲ್ಲಾ ಹಣ್ಣು," ಎಂದಳು.

ಹಣ್ಣಾದ ಹುಳ ಯಾರ ಮಾತನ್ನೂ ಕೇಳುವುದಿಲ್ಲ; ಒಂದು ಹಗಲಿನೊಳಗೆ ಒಂದೊಂದನ್ನೇ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ದಾರವನ್ನು ಮೇವಿನ ಮೇಲೆಯೇ ಚೆಲ್ಲಿ ಕೆಡುತ್ತವೆ. ಮನೆಯ ಐದು ಜನರ ಕೈಯೂ ಬೇಕಾದ ದಿನವೇ ಕೋಲಾರದ ವಿಚಾರಣೆಯ ದಿನ.

"ಅತ್ತೆ, ನಾನೊಬ್ಬಳೇ ಹೋಗ್ತೀನಿ," ಎಂದಳು ಮುನಿಲಕ್ಷ್ಮಿ. "ರಮ್ಯ ಮನೇಲೇ ಜಾರಿ ಬಿದ್ದಿದ್ದು ಅಂತ ಕಂಪನಿಯೋರು ಬರೆದುಕೊಟ್ಟವ್ರೆ. ಕಂಡೋರು ನೀವೊಬ್ರೇ. ಆದ್ರೂ... ಏನಾಗುತ್ತೋ ಆಗ್ಲಿ."

ಬೆಳಗ್ಗೆ ಆರಕ್ಕೇ ಚಿಕ್ಕವೆಂಕಟಮ್ಮ ಮಿಂದು, ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆಯುಟ್ಟು ಹುಳದ ಮನೆಯ ಬಾಗಿಲಿಗೆ ಬಂದಳು. ಗಂಡ ಅಲ್ಲಿಯೇ ನಿಂತಿದ್ದರು.

"ಎಲ್ಲಿಗೆ ಹೊರಟೆ?"

"ಕೋಲಾರಕ್ಕೆ."

"ಕೈಯಲ್ಲಿ ಕಂಕಣ ಐತೆ ಕಣೇ. ನಿಮ್ಮಮ್ಮ ಸಾಯ್ವಾಗ ದಾಟದ ಗಡೀನ ಇವತ್ತು ದಾಟ್ತೀಯಾ?"

ಅವಳು ಕಂಕಣದ ಗಂಟಿನ ಮೇಲೆ ಬೆರಳಿಟ್ಟಳು. ಮಗ, ಸೊಸೆ, ಮಗಳು ಅಂಗಳದಲ್ಲಿ ನಿಂತಲ್ಲೇ ನಿಂತಿದ್ದರು.

"ಅವತ್ತೂ ದಾಟ್ಬೇಕಾಗಿತ್ತು," ಎಂದಳು. "ದೇವರು ಬೇಡ ಅಂದಿರ್ಲಿಲ್ಲ. ನಾನೇ ಕೇಳ್ದೆ ಕೂತೆ. ನಮ್ಮಮ್ಮ ಕರೀತಾ ಕರೀತಾ ಹೋದ್ಲು. ಇವತ್ತು ನಾಲ್ಕು ಮನೆ ಹೆಣ್ಣುಮಕ್ಳು ಕರೀತವ್ರೆ. ಮತ್ತೆ ಅದೇ ತಪ್ಪು ಮಾಡಿ ಗೂಡಿನ ಬಿಳುಪು ನೋಡ್ಕೊಂಡು ಕೂರೋಲ್ಲ."

"ವ್ರತ ಮುರೀತೀಯಾ?"

"ಮುರಿಯೋದ್ಯಾಕೆ? ವ್ರತ ಮನೇದು, ಕೈ ಯಾವುದಾದ್ರೇನು. ಯಜಮಾನ ನಾನು, ಯಜಮಾನ ನಾನು ಅಂತೀರಲ್ಲ, ಬಲಗೈ ಕೊಡಿ."

ದೊಡ್ಡನಾರಾಯಣಪ್ಪನವರು ಕೈ ಹಿಂದೆಗೆಯುವಷ್ಟರಲ್ಲಿ ಅವಳು ಕಂಕಣ ಬಿಚ್ಚಿ ಹೊಸಿಲಿಗೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಅವರ ಮಣಿಕಟ್ಟಿಗೆ ಬಿಗಿದು ಗಂಟು ಹಾಕಿದಳು.

"ಇನ್ನು ಇದು ನಿಮ್ಮ ವ್ರತ. ಗಡಿ ದಾಟೋ ಹಂಗಿಲ್ಲ. ಹುಳ ಆಯೋಕೆ ಬಂದೋರಿಗೆ ಅಡಿಗೆ ಮಾಡಿ ಬಡಿಸೋದೂ ಕಂಕಣ ಕಟ್ಟಿದೋರ ಕೆಲಸಾನೇ."

"ಬರೋರು ಯಾರು?"

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ರಾತ್ರಿಯೇ ಅವಳು ಹೇಳಿಕಳಿಸಿದ್ದಳು. ರಮ್ಯಳ ತಾಯಿ ಮತ್ತು ಕೆಲಸ ಕಳೆದುಕೊಂಡ ಉಳಿದ ಮೂವರ ಮನೆಯ ಹೆಂಗಸರು, ಒಟ್ಟು ಏಳು ಜನ, ಮಿಂದ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಹೊರಗಿನವರನ್ನು ಹುಳದ ಮನೆಯೊಳಗೆ ಬಿಟ್ಟದ್ದು ಅಲ್ಲಿಯವರೆಗೆ ಇರಲಿಲ್ಲ.

ದೊಡ್ಡನಾರಾಯಣಪ್ಪನವರು ಮಣಿಕಟ್ಟನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಕೊನೆಗೆ, "ಕಾಲು ತೊಳ್ಕೊಂಡು ಬನ್ನಿ," ಎಂದು ಪರದೆ ಎತ್ತಿ ಹಿಡಿದರು.

ಕೋಲಾರದ ಸಭಾಂಗಣದಲ್ಲಿ ಆಯೋಗದ ಸದಸ್ಯೆ ಎತ್ತರದ ಪೀಠದಲ್ಲೇನೂ ಕುಳಿತಿರಲಿಲ್ಲ. ಉದ್ದನೆಯ ಮೇಜು, ಒಂದು ಕಡೆ ಪೊಲೀಸ್ ಅಧಿಕಾರಿ, ಇನ್ನೊಂದು ಕಡೆ ಕಾರ್ಮಿಕ ಇಲಾಖೆಯವರು. ನಡುವೆ ಆಕೆ, ಕನ್ನಡಕದ ಮೇಲಿಂದ ನೋಡುತ್ತ, ಎಲ್ಲರನ್ನೂ ಹೆಸರು ಹಿಡಿದು ಕರೆದು ಕೂರಿಸುತ್ತಿದ್ದರು. ಮಾಲೂರಿನ ಒಬ್ಬಾಕೆಯ ಅರ್ಜಿ ಮುಗಿದೊಡನೆ ಇವರ ಹೆಸರು ಬಂತು. ಮುನಿಲಕ್ಷ್ಮಿ ತಡವರಿಸದೆ ಎಲ್ಲವನ್ನೂ ಹೇಳಿದಳು. ರಮ್ಯ ಪಟ್ಟಿ ಕಟ್ಟಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಎರಡು ಮಾತು ಹೇಳಿ ಅತ್ತಳು. ಗುತ್ತಿಗೆದಾರನ ಕಡೆಯ ಅಧಿಕಾರಿ ಒಂದು ಕಡತ ತೆರೆದ. ಅವನ ಹಿಂದೆ ಸುರೇಶ್ ನಿಂತಿದ್ದ.

"ಮೇಡಂ, ನಮ್ಮ ಬಸ್ಸು ದಿನಾ ಊರಿನ ಅರಳಿಕಟ್ಟೆಯವರೆಗೆ ಹೋಗಿ ತಿರುಗಿದೆ. ಟ್ರಿಪ್ ಶೀಟ್ ಇದೆ. ಸಾಕ್ಷಿ ಹೇಳೋಕೆ ಬಂದಿರೋರು ಅರ್ಜಿದಾರರ ಅತ್ತೆ. ಸಹಜವಾಗಿ ಸೊಸೆ ಪರವಾಗಿ ಹೇಳ್ತಾರೆ."

ಸದಸ್ಯೆ ಲೇಖನಿ ಕೆಳಗಿಟ್ಟರು. "ಅತ್ತೆ ಸಹಜವಾಗಿ ಸೊಸೆ ಪರವಾಗಿ ಹೇಳ್ತಾರೆ ಅನ್ನೋ ಮಾತನ್ನ ಈ ಆಯೋಗದಲ್ಲಿ ಇವತ್ತೇ ಮೊದಲು ಕೇಳ್ತಿದೀನಿ." ಸಭಾಂಗಣವೆಲ್ಲ ನಕ್ಕಿತು. "ಹೇಳಿಮ್ಮಾ. ತೆಲುಗು ಸಲೀಸಾದ್ರೆ ತೆಲುಗಲ್ಲೇ ಹೇಳಿ."

"ಎರಡರಲ್ಲೂ ನಿಜ ಒಂದೇ ತಾಯಿ," ಎಂದಳು ಚಿಕ್ಕವೆಂಕಟಮ್ಮ. ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಬೈಕು ಬಂದ ದಿಕ್ಕು, ಬ್ಯಾಟರಿಯ ಬೆಳಕಿನಲ್ಲಿ ಕಂಡ ಕೆಂಪು ಟೋಪಿ, ರಮ್ಯ ಉರುಳಿದ ಜಾಗ. ಆಮೇಲೆ ಕಡತದವನ ಕಡೆ ತಿರುಗಿದಳು. "ಏನಪ್ಪಾ, ನಿಮ್ ಬಸ್ಸು ಅರಳಿಕಟ್ಟೆ ಹತ್ರ ದಿನಾ ತಿರುಗ್ತಿತ್ತು ಅಂದ್ಯಲ್ಲಾ, ಯಾವ ಕಡೆಯಿಂದ ತಿರುಗ್ತಿತ್ತು?"

"ಅದು... ಅಲ್ಲಿ ಜಾಗ ಇದೆಯಲ್ಲ, ಕಟ್ಟೆ ಪಕ್ಕ."

"ಕಟ್ಟೆ ಪಕ್ಕ ನಮ್ಮ ರಾಗಿ ಹುಲ್ಲಿನ ಮೆದೆ ಐತೆ. ಮನೆ ಎತ್ತರ. ಬಸ್ಸು ಬರೋದು ನಿಂತಮೇಲೆ, ಜಾಗ ಸುಮ್ನೆ ಬಿದ್ದೈತಲ್ಲಾ ಅಂತ, ನಾವೇ ಒಟ್ಟಿದ್ದು. ನಿಮ್ ಬಸ್ಸು ಮೆದೆ ಹತ್ತಿ ಇಳೀತಿತ್ತಾ?"

ಜೊತೆಗೆ ಬಂದಿದ್ದ ಮೇಘನ ಮೊಬೈಲನ್ನು ಮೇಜಿನ ಮೇಲಿಟ್ಟಳು. ಮೆದೆಗೆ ಪೂಜೆ ಮಾಡಿದ ದಿನದ ಚಿತ್ರ. ದೊಡ್ಡನಾರಾಯಣಪ್ಪನವರು ಕರ್ಪೂರ ಬೆಳಗುತ್ತಿದ್ದಾರೆ. ಮೇಲೆ ಒಂದೂವರೆ ತಿಂಗಳ ಹಿಂದಿನ ತಾರೀಖು. ಕಡತದವನು ಸುರೇಶನ ಕಡೆ ನೋಡಿದ. ಸುರೇಶ್ ನೆಲ ನೋಡಿದ.

ಮುಂದಿನದು ಬೇಗ ನಡೆಯಿತು. ವಾರದೊಳಗೆ ಬಸ್ಸು ಊರೊಳಗೆ ಬರಬೇಕು, ನಾಲ್ವರನ್ನೂ ಕೆಲಸಕ್ಕೆ ಸೇರಿಸಿಕೊಳ್ಳಬೇಕು, ರಮ್ಯಳ ದೂರನ್ನು ಪೊಲೀಸರು ಅಂದೇ ದಾಖಲಿಸಬೇಕು ಎಂದು ಸದಸ್ಯೆ ಬರೆಸಿದರು. ಕಂಪನಿಯ ಪರವಾಗಿ ಬಂದಿದ್ದವರು ಅಲ್ಲಿಯೇ ಒಪ್ಪಿ ಸಹಿ ಹಾಕಿದರು.

"ಮೆದೆ ನಾವು ಎತ್ತಿ ಬೇರೆ ಕಡೆ ಒಟ್ಕೋತೀವಿ ತಾಯಿ," ಎಂದು ಚಿಕ್ಕವೆಂಕಟಮ್ಮ ಎದ್ದಳು. ಬಾಗಿಲ ಬಳಿ ಸುರೇಶ್ ಅಡ್ಡ ಬಂದ.

"ಅತ್ತೇ, ನನ್ನನ್ನ..."

"ನಾಳಿದ್ದು ಬಾರೋ, ಮೆದೆ ಎತ್ತೋಕೆ ಕೈ ಬೇಕು. ಎತ್ತಿದೋರಿಗೆ ಊಟ."

ನಾಲ್ಕು ಗಂಟೆಗೆ ಅತ್ತೆ ಸೊಸೆ ಮನೆ ಸೇರಿದರು. ಅಂಗಳದ ತುಂಬ ಚಂದ್ರಿಕೆಗಳು ಸಾಲಾಗಿ ಒರಗಿದ್ದವು. ಒಂದೊಂದರ ಸುತ್ತಿನಲ್ಲೂ ಹುಳಗಳು ಬೆಳ್ಳನೆಯ ಮೊದಲ ಎಳೆ ಬಿಡುತ್ತಿದ್ದವು. ಏಳು ಜನ ಹೆಂಗಸರು ಎಲೆ ಹಾಕಿಸಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ದೊಡ್ಡನಾರಾಯಣಪ್ಪನವರು ಪಂಚೆಯನ್ನು ಮೇಲೆ ಕಟ್ಟಿ, ಮುದ್ದೆ ತೊಳಸುವ ಹಿಟ್ಟಿನ ಕೋಲು ಹಿಡಿದು, ಬೆವರಿ ನಿಂತಿದ್ದರು. ಮೇಘನಳ ಫೋನು ಅವರಿಗಿಂತ ಮುಂಚೆಯೇ ಸುದ್ದಿ ತಂದಿತ್ತು.

ರಮ್ಯಳ ತಾಯಿ ಮುನಿಲಕ್ಷ್ಮಿಯ ಕೈ ಹಿಡಿದುಕೊಂಡಳು. ದೊಡ್ಡನಾರಾಯಣಪ್ಪನವರು ಗಂಟಲು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ ಏಳು ಜನಕ್ಕೂ ಕೇಳುವಂತೆ ಹೇಳಿದರು: "ಆಯೋಗದೋರು ಇವಳಿಗೆ ಕುರ್ಚಿ ಹಾಕಿ ಕೂರಿಸಿ ಕೇಳಿದ್ರಂತೆ. ಕಡತ ಇಟ್ಕೊಂಡಿದ್ದೋನೇ ಬಾಯಿ ಮುಚ್ಚಿದನಂತೆ. ನಮ್ ತಾತ ನ್ಯಾಯ ಹೇಳ್ತಿದ್ನಲ್ಲ, ಇವಳ ಮುಂದೆ ಅವನೂ ಸ್ವಲ್ಪ ಸಪ್ಪೇನೇ."

"ಬೆಳಿಗ್ಗೆ ಹಂಗಂದಿರ್ಲಿಲ್ವಲ್ಲ ಮಾವಾ," ಎಂದಳು ಮುನಿಲಕ್ಷ್ಮಿ.

"ಬೆಳಿಗ್ಗೆ ನಾನು ಒಂದನೇ ಹಾಳೆ ಮಾತ್ರ ಓದಿದ್ದೆ ಕಣಮ್ಮ. ಬಾ, ತಟ್ಟೆ ತಗೋ, ನನಗೂ ನೀನೇ ಬಡಿಸು. ಮೊದಲು ನಿಮ್ಮತ್ತೆಗೆ ಹಾಕು."

ಸೊಸೆ ಅತ್ತೆಯ ತಟ್ಟೆಗೆ ಬಿಸಿ ಮುದ್ದೆ ಇಟ್ಟು ಸಾರು ಸುರಿದಳು. ಚಿಕ್ಕವೆಂಕಟಮ್ಮ ಒಂದು ತುತ್ತು ಮುರಿದು ನುಂಗಿದಳು. ಮನೆಯೆಲ್ಲ ಅವಳ ಮುಖ ನೋಡಿತು. ಗಂಡನ ಮುಖದಲ್ಲಿ ಮೂವತ್ತು ವರ್ಷಗಳಲ್ಲಿ ಅವಳು ಕಾಣದ ಒಂದು ಅಳುಕಿತ್ತು.

"ಹೆಂಗೈತೆ?"

"ಸರ್ಕಾರದ ಮುಂದೆ ನಿಜ ಹೇಳಿ ಬಂದ ಬಾಯಿ," ಎಂದಳು ಚಿಕ್ಕವೆಂಕಟಮ್ಮ. "ಮನೇಲಿ ಸುಳ್ಳು ಹೇಳೋಕಾಗಲ್ಲ. ಬರೀ ಗಂಟು."

ನಗುವಿನ ನಡುವೆ ಅವಳು ತಟ್ಟೆಯನ್ನು ಮುಂದೆ ನೂಕಿ, ಇನ್ನೊಂದು ಮುದ್ದೆ ಹಾಕಿಸಿಕೊಂಡಳು.